ಸಿ ಭಾಷೆಯಲ್ಲಿ ನಿಗದಿತ ಅಳತೆಯ ಪೂರ್ಣಾಂಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೈವರ್, ಬೂಟ್‌ಲೋಡರ್, ಫರ್ಮ್‌ವೇರ್, ಕರ್ನಲ್ ಕೆಲಸ ಮಾಡುವವರು ಕೋಡ್‌ನೊಳಗೆ ದಿನವೂ ನೇರವಾಗಿ ಸಂಖ್ಯೆಗಳನ್ನು ಬರೆಯುತ್ತಾರೆ: ರಿಜಿಸ್ಟರ್ ವಿಳಾಸ, ಬಿಟ್ ಮಾಸ್ಕ್, ಟೈಮ್‌ಔಟ್, ಪೇಜ್ ಸೈಜ್. ಒಂದು ಯಂತ್ರದಲ್ಲಿ ಸರಿಯಾಗಿ ಓಡಿದ ಕೋಡ್ ಇನ್ನೊಂದರಲ್ಲಿ ಕೆಡುವುದಕ್ಕೆ ಎಷ್ಟೋ ಸಲ ಈ ಸಂಖ್ಯೆಗಳೇ ಕಾರಣ. ಇಂಥ ದೋಷ ಹುಡುಕುವುದು ಕಷ್ಟ. ಸಾಲನ್ನು ಎಷ್ಟು ಸಲ ಓದಿದರೂ ಸರಿಯಾಗಿಯೇ ಕಾಣುತ್ತದೆ.

ಕೋಡ್‌ನಲ್ಲಿ ಬರುವ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವಂತೆಯೇ ಇಲ್ಲಿ ಬರೆದಿದೆ: ಇಂಟ್, ಲಾಂಗ್, ಯುಇಂಟ್64_ಟಿ (64 ಬಿಟ್‌ನ ಅನ್‌ಸೈನ್ಡ್, ಅಂದರೆ ಋಣಸಂಖ್ಯೆ ಇಲ್ಲದ ಟೈಪ್), ಯುಇಂಟ್64_ಸಿ (ಬರೆದ ಸಂಖ್ಯೆಗೆ ಆ ಅಗಲ ಕೊಡುವ ಮ್ಯಾಕ್ರೋ). ಹೆಕ್ಸ್ ಸಂಖ್ಯೆಯ ಮೊದಲಿಗೆ 0ಎಕ್ಸ್ ಇದೆ. ಯು, ಎಲ್, ಯುಎಲ್, ಯುಎಲ್‌ಎಲ್ ಎಂದರೆ ಸಂಖ್ಯೆಯ ಬಾಲಕ್ಕೆ ಅಂಟಿಸುವ ಸಫಿಕ್ಸ್‌ಗಳು.

64 ಬಿಟ್ ವೇರಿಯಬಲ್‌ಗೇ ಹಾಕುತ್ತಿದ್ದೇನಲ್ಲ, 1 << 40 ಬರೆದರೆ ಯಾಕೆ ತಪ್ಪು ಉತ್ತರ?

ಎಡಗಡೆ ಇರುವ ವೇರಿಯಬಲ್ ಎಷ್ಟು ದೊಡ್ಡದು ಎಂಬುದನ್ನು ಸಿ ಕಂಪೈಲರ್ ಬಲಗಡೆಯ ಲೆಕ್ಕ ಮಾಡುವಾಗ ನೋಡುವುದೇ ಇಲ್ಲ. ಬಲಗಡೆ ಇರುವ 1 ಒಂದು ಇಂಟ್. ಇವತ್ತಿನ ಹೆಚ್ಚಿನ ಯಂತ್ರಗಳಲ್ಲಿ ಇಂಟ್ 32 ಬಿಟ್. ಮೊದಲು 32 ಬಿಟ್‌ನಲ್ಲಿ ಶಿಫ್ಟ್ (ಬಿಟ್‌ಗಳನ್ನು ಎಡಕ್ಕೆ ಸರಿಸುವುದು) ನಡೆಯುತ್ತದೆ, ಬಂದ ಉತ್ತರವನ್ನು ಆಮೇಲೆ 64 ಬಿಟ್‌ಗೆ ಹಿಗ್ಗಿಸಲಾಗುತ್ತದೆ. ಲೋಟದಲ್ಲಿ ಅಳೆದು ಕೊಡಕ್ಕೆ ಸುರಿದ ಹಾಗೆ. ಲೋಟದಿಂದ ಚೆಲ್ಲಿಹೋದದ್ದನ್ನು ಕೊಡ ವಾಪಸ್ ತರಲಾರದು.

ಇನ್ನೂ ಒಂದು ಸಂಗತಿ ಇದೆ. 32 ಬಿಟ್ ಸಂಖ್ಯೆಯನ್ನು 32 ಅಥವಾ ಅದಕ್ಕಿಂತ ಹೆಚ್ಚು ಸ್ಥಾನ ಸರಿಸುವುದು ಸ್ಟ್ಯಾಂಡರ್ಡ್ ಪ್ರಕಾರ ಅನ್‌ಡಿಫೈನ್ಡ್ ಬಿಹೇವಿಯರ್. ಅಂದರೆ ಇಂಥದ್ದೇ ಉತ್ತರ ಬರಬೇಕೆಂಬ ಕಟ್ಟುಪಾಡಿಲ್ಲ. 40 ಎಂಬುದು ಓಡುವಾಗ ಸಿಗುವ ವೇರಿಯಬಲ್ ಆಗಿದ್ದರೆ ಎಕ್ಸ್86 ಪ್ರೊಸೆಸರ್ ಶಿಫ್ಟ್ ಎಣಿಕೆಯ ಕೆಳಗಿನ 5 ಬಿಟ್ ಮಾತ್ರ ನೋಡುತ್ತದೆ. 40ರಲ್ಲಿ 32 ಹೋದರೆ 8, ಹಾಗಾಗಿ ಸಾಮಾನ್ಯವಾಗಿ 256 ಸಿಗುತ್ತದೆ. 32 ಬಿಟ್ ಆರ್ಮ್‌ನಲ್ಲಿ ರಿಜಿಸ್ಟರ್ ಮೂಲಕ ಶಿಫ್ಟ್ ಮಾಡಿದರೆ ಕೆಳಗಿನ ಇಡೀ ಬೈಟನ್ನು ನೋಡುತ್ತದೆ, ಉತ್ತರ 0. ಲ್ಯಾಪ್‌ಟಾಪ್‌ನಲ್ಲಿ 256 ಕಂಡು ಬೋರ್ಡ್‌ನಲ್ಲಿ 0 ಕಂಡವರು ಬೋರ್ಡ್ ಕೆಟ್ಟಿದೆ ಅಂದುಕೊಂಡರೆ ಆಶ್ಚರ್ಯವಿಲ್ಲ.

ಪರಿಹಾರ ಇಷ್ಟೆ: ಅಗಲವನ್ನು 1ಕ್ಕೇ ಕೊಡಿ. ಯುಇಂಟ್64_ಸಿ(1) << 40.

ಬರೀ ಸಂಖ್ಯೆಗೆ ಟೈಪ್ ಎಲ್ಲಿಂದ ಬರುತ್ತದೆ?

ಅದನ್ನು ಬರೆದ ರೀತಿಯಿಂದ. ಈ ಪುಟದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸಫಿಕ್ಸ್ ಇಲ್ಲದ ದಶಮಾನ ಸಂಖ್ಯೆಗೆ ಕಂಪೈಲರ್ ಕ್ರಮವಾಗಿ ಇಂಟ್, ಲಾಂಗ್, ಲಾಂಗ್ ಲಾಂಗ್ ನೋಡುತ್ತದೆ; ಯಾವುದರಲ್ಲಿ ಮೊದಲು ಹಿಡಿಸುತ್ತದೋ ಅದೇ ಟೈಪ್. ಈ ಸಾಲಿನಲ್ಲಿ ಅನ್‌ಸೈನ್ಡ್ ಬರುವುದೇ ಇಲ್ಲ. ಹೆಕ್ಸ್ ಅಥವಾ ಆಕ್ಟಲ್‌ನಲ್ಲಿ ಬರೆದರೆ ಪ್ರತಿ ಮೆಟ್ಟಿಲಲ್ಲೂ ಅನ್‌ಸೈನ್ಡ್ ಸಹ ಸೇರುತ್ತದೆ: ಇಂಟ್, ಅನ್‌ಸೈನ್ಡ್ ಇಂಟ್, ಲಾಂಗ್, ಅನ್‌ಸೈನ್ಡ್ ಲಾಂಗ್, ಹೀಗೆ.

ಇದರ ಪರಿಣಾಮ ನೋಡಿ. 2147483648 ಮತ್ತು 0ಎಕ್ಸ್80000000 ಎರಡೂ ಒಂದೇ ಬೆಲೆ. ಆದರೆ 64 ಬಿಟ್ ಲಿನಕ್ಸ್‌ನಲ್ಲಿ ಮೊದಲನೆಯದು 64 ಬಿಟ್‌ನ ಲಾಂಗ್, ಎರಡನೆಯದು 32 ಬಿಟ್‌ನ ಅನ್‌ಸೈನ್ಡ್ ಇಂಟ್. ಎರಡಕ್ಕೂ ~ (ಎಲ್ಲ ಬಿಟ್‌ಗಳನ್ನೂ ತಿರುಗಿಸುವ ಚಿಹ್ನೆ) ಹಾಕಿ 64 ಬಿಟ್ ವೇರಿಯಬಲ್‌ನೊಂದಿಗೆ ಆ್ಯಂಡ್ ಮಾಡಿ. ದಶಮಾನದ್ದು ನೀವು ಬಯಸಿದಂತೆ ಒಂದೇ ಬಿಟ್ ಅಳಿಸುತ್ತದೆ. ಹೆಕ್ಸ್‌ನದ್ದು ಆ ಬಿಟ್ ಜೊತೆಗೆ ಮೇಲಿನ 32 ಬಿಟ್‌ಗಳನ್ನೂ ಅಳಿಸಿಹಾಕುತ್ತದೆ.

1989ರ ಸ್ಟ್ಯಾಂಡರ್ಡ್‌ನಲ್ಲಿ ಲಾಂಗ್ ಲಾಂಗ್ ಇರಲಿಲ್ಲ. ಆಗ ದಶಮಾನದ ಸಾಲು ಇಂಟ್, ಲಾಂಗ್, ಅನ್‌ಸೈನ್ಡ್ ಲಾಂಗ್ ಎಂದಿತ್ತು. 1999ರ ಸ್ಟ್ಯಾಂಡರ್ಡ್ ಅದನ್ನು ಬದಲಿಸಿತು. ಹಳೆಯ ಮೋಡ್‌ನಲ್ಲಿ ಕಂಪೈಲ್ ಆಗುವ ಕೋಡ್ ನಿಮ್ಮ ಕೈಯಲ್ಲಿದ್ದರೆ ಈ ವ್ಯತ್ಯಾಸ ಗಮನದಲ್ಲಿರಲಿ.

ಅರ್ಡುಯಿನೋದಲ್ಲಿ ಒಂದು ನಿಮಿಷ ಕಾಯಲು ಡಿಲೇ(60 * 1000) ಹಾಕಿದೆ. ಪ್ರೋಗ್ರಾಂ ಮುಂದಕ್ಕೇ ಹೋಗುತ್ತಿಲ್ಲ.

ಊನೋ ಬೋರ್ಡ್‌ನ ಎವಿಆರ್ ಚಿಪ್‌ನಲ್ಲಿ ಇಂಟ್ 16 ಬಿಟ್, ಗರಿಷ್ಠ 32767. 60 ಒಂದು ಇಂಟ್, 1000 ಒಂದು ಇಂಟ್, ಆದ್ದರಿಂದ ಗುಣಾಕಾರವೂ 16 ಬಿಟ್‌ನಲ್ಲೇ. 60000 ಹಿಡಿಸದೆ ಸಾಮಾನ್ಯವಾಗಿ -5536 ಆಗುತ್ತದೆ. ಡಿಲೇ ಫಂಕ್ಷನ್ 32 ಬಿಟ್‌ನ ಅನ್‌ಸೈನ್ಡ್ ಲಾಂಗ್ ಕೇಳುತ್ತದೆ. -5536 ಅಲ್ಲಿಗೆ ಹೋಗಿ 4294961760 ಮಿಲಿಸೆಕೆಂಡ್ ಆಗುತ್ತದೆ. ಸುಮಾರು 49 ದಿನ 17 ಗಂಟೆ. ಪ್ರೋಗ್ರಾಂ ನಿಂತಿಲ್ಲ, ಕಾಯುತ್ತಿದೆ.

ಆದರೆ ಡಿಲೇ(60000) ಎಂದು ನೇರವಾಗಿ ಬರೆದರೆ ಸರಿಹೋಗುತ್ತದೆ. 60000 ಇಂಟ್‌ನಲ್ಲಿ ಹಿಡಿಸದ ಕಾರಣ ಕಂಪೈಲರ್ ತಾನೇ ಅದನ್ನು ಲಾಂಗ್ ಮಾಡುತ್ತದೆ. ಸಂಖ್ಯೆ ದೊಡ್ಡದಿದ್ದರೆ ಟೈಪ್ ಬೆಳೆಯುತ್ತದೆ, ಆದರೆ ಎರಡು ಸಣ್ಣ ಸಂಖ್ಯೆಗಳ ಗುಣಲಬ್ಧ ದೊಡ್ಡದಾದರೆ ಬೆಳೆಯುವುದಿಲ್ಲ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಗಂಟೆ, ನಿಮಿಷ, ಸೆಕೆಂಡುಗಳನ್ನು ಬಿಡಿಸಿ ಬರೆಯುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಬೇಡಿ. ಮೊದಲ ಸಂಖ್ಯೆಗೆ ಯುಎಲ್ ಅಂಟಿಸಿ: 60ಯುಎಲ್ * 1000. ಸಾಲು ಎಡದಿಂದ ಬಲಕ್ಕೆ ಗುಣಿಸುತ್ತಾ ಹೋಗುವುದರಿಂದ ಮೊದಲನೆಯದಕ್ಕೆ ಹಾಕಿದರೆ ಕೊನೆಯವರೆಗೂ ಕಾಪಾಡುತ್ತದೆ. ಕೊನೆಯ ಸಂಖ್ಯೆಗೆ ಹಾಕಿದರೆ ಅಷ್ಟರಲ್ಲೇ ಚೆಲ್ಲಿಹೋಗಿರಬಹುದು.

ಕಂಪೈಲರ್ ಇದಕ್ಕೆ ಎಚ್ಚರಿಕೆ ಕೊಡಬಲ್ಲದು, ಆದರೆ ಅರ್ಡುಯಿನೋ ಐಡಿಇಯಲ್ಲಿ ಎಚ್ಚರಿಕೆಗಳು ಮೊದಲಿಗೆ ಆಫ್ ಇರುತ್ತವೆ. ಪ್ರಿಫರೆನ್ಸಸ್‌ಗೆ ಹೋಗಿ ಅದನ್ನು ಆಲ್ ಮಾಡಿ. ತರಗತಿಯಲ್ಲಿ ಕಲಿಸುವವರು ಮೊದಲ ದಿನವೇ ಇದನ್ನು ಮಾಡಿಸಬೇಕು ಎಂಬುದು ನನ್ನ ಕೋರಿಕೆ.

ಎಲ್ ಸಫಿಕ್ಸ್ ಹಾಕಿದರೆ 64 ಬಿಟ್ ಆಯಿತಲ್ಲ?

ಕೆಲವು ಕಡೆ ಮಾತ್ರ. ಎಲ್ ಎಂದರೆ ಲಾಂಗ್, ಅಷ್ಟೇ. ಲಾಂಗ್ ಎಷ್ಟು ಅಗಲ ಎಂಬುದು ಆಯಾ ಪ್ಲಾಟ್‌ಫಾರ್ಮ್‌ಗೆ ಬಿಟ್ಟದ್ದು. 64 ಬಿಟ್‌ನ ಲಿನಕ್ಸ್, ಮ್ಯಾಕ್, ಬಿಎಸ್‌ಡಿಗಳಲ್ಲಿ ಲಾಂಗ್ 64 ಬಿಟ್. ಈ ಏರ್ಪಾಡಿಗೆ ಎಲ್‌ಪಿ64 ಎನ್ನುತ್ತಾರೆ. 64 ಬಿಟ್ ವಿಂಡೋಸ್‌ನಲ್ಲಿ ಪಾಯಿಂಟರ್ 64 ಬಿಟ್ ಆದರೂ ಲಾಂಗ್ 32 ಬಿಟ್ಟೇ, ಅದು ಎಲ್‌ಎಲ್‌ಪಿ64. 32 ಬಿಟ್ ಯಂತ್ರಗಳಲ್ಲಿ ಲಾಂಗ್ ಸಾಮಾನ್ಯವಾಗಿ 32. ಹಾಗಾಗಿ 1ಯುಎಲ್ << 40 ಎಂಬುದು ನಿಮ್ಮ ಉಬುಂಟುವಿನಲ್ಲಿ ಸರಿ, ಸಹೋದ್ಯೋಗಿಯ ವಿಂಡೋಸ್‌ನಲ್ಲಿ ತಪ್ಪು.

ಲಿನಕ್ಸ್ ಕರ್ನಲ್‌ನಲ್ಲೇ ಒಂದು ಉದಾಹರಣೆ ಸಿಗುತ್ತದೆ. ಒಂದು ಸೆಕೆಂಡಿಗೆ ಎಷ್ಟು ನ್ಯಾನೋಸೆಕೆಂಡ್ ಎಂದು ಹೇಳುವ ಎನ್‌ಎಸ್‌ಇಸಿ_ಪರ್_ಸೆಕ್ ಮ್ಯಾಕ್ರೋ 1000000000ಎಲ್. 32 ಬಿಟ್ ಆರ್ಮ್‌ನಲ್ಲಿ ಇದನ್ನು 2ರಿಂದ ಗುಣಿಸಿದರೆ ಹಿಡಿಸುತ್ತದೆ, 3ರಿಂದ ಗುಣಿಸಿದರೆ 2147483647ರ ಗಡಿ ದಾಟುತ್ತದೆ. ಟೈಮ್‌ಔಟ್ ಎರಡು ಸೆಕೆಂಡ್ ಇದ್ದಾಗ ಸರಿಯಾಗಿದ್ದ ಡ್ರೈವರ್, ಯಾರೋ ಅದನ್ನು ಮೂರು ಸೆಕೆಂಡ್ ಮಾಡಿದ ಕೂಡಲೇ ಕೆಡಬಹುದು. 3ಯುಎಲ್‌ಎಲ್ ಎಂದು ಬರೆದರೆ ಆ ಭಯವಿಲ್ಲ.

ಹಾಗಾದರೆ ಯುಎಲ್‌ಎಲ್ ಹಾಕಲೋ, ಯುಇಂಟ್64_ಸಿ ಬಳಸಲೋ?

ಲಾಂಗ್ ಲಾಂಗ್ ಕನಿಷ್ಠ 64 ಬಿಟ್ ಇರಲೇಬೇಕೆಂದು ಸ್ಟ್ಯಾಂಡರ್ಡ್ ಹೇಳುತ್ತದೆ, ಆದ್ದರಿಂದ ಬಿಟ್‌ಗಳು ಕಳೆದುಹೋಗುವ ಅಪಾಯ ಯುಎಲ್‌ಎಲ್‌ನಲ್ಲೂ ಇಲ್ಲ. ವ್ಯತ್ಯಾಸ ಇರುವುದು ಟೈಪ್‌ನ ಹೆಸರಿನಲ್ಲಿ. 64 ಬಿಟ್ ಲಿನಕ್ಸ್‌ನಲ್ಲಿ ಯುಇಂಟ್64_ಟಿ ಎಂದರೆ ಅನ್‌ಸೈನ್ಡ್ ಲಾಂಗ್. ಮ್ಯಾಕ್‌ನಲ್ಲೂ ವಿಂಡೋಸ್‌ನಲ್ಲೂ ಅನ್‌ಸೈನ್ಡ್ ಲಾಂಗ್ ಲಾಂಗ್. ಯುಇಂಟ್64_ಸಿ ಮ್ಯಾಕ್ರೋ ಆಯಾ ಕಡೆಗೆ ಹೊಂದುವ ಸಫಿಕ್ಸನ್ನು ತಾನೇ ಅಂಟಿಸುತ್ತದೆ. ಸಿ++ನಲ್ಲಿ ಓವರ್‌ಲೋಡ್ ಅಥವಾ ಟೆಂಪ್ಲೇಟ್‌ಗೆ ಈ ಸಂಖ್ಯೆ ಹೋಗುವುದಾದರೆ ಹೆಸರಿನ ವ್ಯತ್ಯಾಸವೇ ಕಂಪೈಲ್ ದೋಷವಾಗುತ್ತದೆ.

ನನ್ನ ಅಭಿಪ್ರಾಯ: ಹಲವು ಪ್ಲಾಟ್‌ಫಾರ್ಮ್‌ಗೆ ಹೋಗುವ ಹೆಡರ್ ಫೈಲ್‌ಗಳಲ್ಲಿ, ಪ್ರೋಟೋಕಾಲ್ ಮತ್ತು ಫೈಲ್ ಫಾರ್ಮ್ಯಾಟ್‌ಗಳ ಸಂಖ್ಯೆಗಳಿಗೆ ಯುಇಂಟ್64_ಸಿ ಬಳಸಿ. ಓದುವವರಿಗೆ ಅಗಲ ಹೆಸರಿನಲ್ಲೇ ಕಾಣುತ್ತದೆ. ಲಿನಕ್ಸ್ ಕರ್ನಲ್ ಒಳಗೆ ಕೆಲಸ ಮಾಡುವಾಗ ಅಲ್ಲಿನ ರೂಢಿಯಂತೆ ಯುಎಲ್‌ಎಲ್ ಮತ್ತು ಬಿಟ್_ಯುಎಲ್‌ಎಲ್, ಜೆನ್‌ಮಾಸ್ಕ್_ಯುಎಲ್‌ಎಲ್ ಮ್ಯಾಕ್ರೋಗಳನ್ನೇ ಬಳಸಿ. ಕರ್ನಲ್‌ನಲ್ಲಿ ಯು64 ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಅನ್‌ಸೈನ್ಡ್ ಲಾಂಗ್ ಲಾಂಗ್ ಆಗಿರುವುದರಿಂದ ಅಲ್ಲಿ ತೊಡಕಿಲ್ಲ.

ಯುಇಂಟ್64_ಸಿ(ಎನ್) ಎಂದು ವೇರಿಯಬಲ್ ಕೊಡಬಹುದೇ?

ಇಲ್ಲ. ಅದು ಪೇಸ್ಟ್ ಮಾಡುವ ಮ್ಯಾಕ್ರೋ. ಎನ್ ಕೊಟ್ಟರೆ ಎನ್‌ಯುಎಲ್ ಎಂಬ ಇಲ್ಲದ ಹೆಸರು ಹುಟ್ಟುತ್ತದೆ. ಸಫಿಕ್ಸ್ ಇಲ್ಲದ ಬರಿಯ ಸಂಖ್ಯೆಯನ್ನು ಮಾತ್ರ ಕೊಡಬೇಕು. ಯುಇಂಟ್64_ಸಿ(60 * 1000) ಕೂಡ ತಪ್ಪು ಬಳಕೆ: ಕಂಪೈಲ್ ಆಗುತ್ತದೆ, ಆದರೆ ಸಫಿಕ್ಸ್ 1000ಕ್ಕೆ ಮಾತ್ರ ಅಂಟುತ್ತದೆ. ವೇರಿಯಬಲ್‌ಗೆ ಕಾಸ್ಟ್ ಇದೆ, ಅಂದರೆ ಮುಂದೆ ಬ್ರ್ಯಾಕೆಟ್‌ನಲ್ಲಿ ಟೈಪ್ ಹೆಸರು ಬರೆದು ಬದಲಿಸುವುದು.

ಸಂಖ್ಯೆಗೂ ಕಾಸ್ಟ್ ಮಾಡಿದರೆ ಸಾಲದೇ?

(ಯುಇಂಟ್64_ಟಿ)1 << 40 ಸರಿ. (ಯುಇಂಟ್64_ಟಿ)(1 << 40) ತಪ್ಪು, ಅಷ್ಟು ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಕಾಸ್ಟ್ ಯಾವ ಬ್ರ್ಯಾಕೆಟ್‌ನ ಹೊರಗೆ ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ತೊಂದರೆ: #ಇಫ್ ಸಾಲಿನಲ್ಲಿ ಕಾಸ್ಟ್ ನಡೆಯುವುದಿಲ್ಲ. ಆ ಸಾಲನ್ನು ಕಂಪೈಲ್‌ಗೂ ಮುನ್ನ ನೋಡುವ ಪ್ರಿಪ್ರೊಸೆಸರ್‌ಗೆ ಟೈಪ್‌ಗಳ ಹೆಸರು ಗೊತ್ತಿಲ್ಲ. ಗೊತ್ತಿಲ್ಲದ ಪ್ರತಿ ಹೆಸರನ್ನೂ ಅದು 0 ಮಾಡುತ್ತದೆ. (ಯುಇಂಟ್64_ಟಿ)1 ಎಂಬುದು (0)1 ಆಗಿ ದೋಷ ಬರುತ್ತದೆ. ಯುಇಂಟ್64_ಸಿ ಬರಿಯ ಸಫಿಕ್ಸ್ ಅಂಟಿಸುವುದರಿಂದ ಅಲ್ಲೂ ಓಡುತ್ತದೆ. ಅದನ್ನು ಹಾಗೆ ರೂಪಿಸಿದ್ದೇ ಇದಕ್ಕಾಗಿ.

#ಇಫ್‌ನಲ್ಲಿ ಒಂದು ಉತ್ತರ, ಕೋಡ್‌ನಲ್ಲಿ ಇನ್ನೊಂದು ಬರುತ್ತಿದೆ. ಸಾಧ್ಯವೇ?

ಸಾಧ್ಯ. 1999ರ ಸ್ಟ್ಯಾಂಡರ್ಡ್‌ನಿಂದ ಈಚೆಗೆ #ಇಫ್ ಒಳಗಿನ ಎಲ್ಲ ಲೆಕ್ಕವೂ ಯಂತ್ರದ ಅತಿ ಅಗಲದ ಪೂರ್ಣಾಂಕದಲ್ಲಿ, ಅಂದರೆ ಕನಿಷ್ಠ 64 ಬಿಟ್‌ನಲ್ಲಿ ನಡೆಯುತ್ತದೆ. ಎಂಟು ಎಫ್‌ಗಳ ಹೆಕ್ಸ್ ಸಂಖ್ಯೆ, ಅಂದರೆ 4294967295ಕ್ಕೆ 1 ಕೂಡಿ. ಕೋಡ್‌ನಲ್ಲಿ ಅದು 32 ಬಿಟ್ ಅನ್‌ಸೈನ್ಡ್, ಸುತ್ತಿ 0 ಆಗುತ್ತದೆ. #ಇಫ್‌ನಲ್ಲಿ 4294967296. ಒಂದು ಲೆಕ್ಕವನ್ನು ಪರೀಕ್ಷಿಸುವುದಿದ್ದರೆ #ಇಫ್ ಬದಲು 2011ರ ಸ್ಟ್ಯಾಂಡರ್ಡ್‌ನಲ್ಲಿ ಬಂದ ಸ್ಟ್ಯಾಟಿಕ್ ಅಸರ್ಟ್ ಬಳಸಿ. ಅದು ನಿಜವಾದ ಟೈಪ್‌ಗಳಲ್ಲೇ ಲೆಕ್ಕ ಹಾಕುತ್ತದೆ, ಸೈಜ್‌ಆಫ್ ಕೂಡ ಅದರಲ್ಲಿ ನಡೆಯುತ್ತದೆ.

ಮಾಸ್ಕ್‌ಗೆ ಯು ಸಫಿಕ್ಸ್ ಹಾಕಿ "ಸರಿಪಡಿಸಿದ" ಮೇಲೆ ಮೇಲಿನ 32 ಬಿಟ್ ಮಾಯವಾದವು. ಯಾಕೆ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಅರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇದು. "ಬಿಟ್ ಕೆಲಸಕ್ಕೆ ಯಾವಾಗಲೂ ಅನ್‌ಸೈನ್ಡ್ ಬಳಸು" ಎಂಬ ಒಳ್ಳೆಯ ಬುದ್ಧಿಮಾತನ್ನು ಅರ್ಧ ಪಾಲಿಸಿದರೆ ಹೀಗಾಗುತ್ತದೆ.

4096 ಬೈಟ್‌ನ ಪೇಜ್‌ಗೆ ವಿಳಾಸವನ್ನು ಹೊಂದಿಸಬೇಕು, ಅಂದರೆ ಕೆಳಗಿನ 12 ಬಿಟ್ ಅಳಿಸಬೇಕು. ವಿಳಾಸ 64 ಬಿಟ್. ~4095 ಎಂದು ಬರೆದರೆ 4095 ಇಂಟ್, ಅದರ ತಿರುವು -4096, ಅದೂ ಇಂಟ್. 64 ಬಿಟ್‌ಗೆ ಹಿಗ್ಗುವಾಗ ಋಣಸಂಖ್ಯೆಯ ಮೇಲಿನ ಬಿಟ್‌ಗಳೆಲ್ಲ 1ರಿಂದ ತುಂಬುತ್ತವೆ. ಮಾಸ್ಕ್ ಸರಿ.

~4095ಯು ಎಂದು ಬರೆಯಿರಿ. ಈಗ ಅದು 32 ಬಿಟ್ ಅನ್‌ಸೈನ್ಡ್, ಬೆಲೆ 4294963200. ಧನಸಂಖ್ಯೆ ಆದ್ದರಿಂದ ಹಿಗ್ಗುವಾಗ ಮೇಲೆ ಸೊನ್ನೆಗಳು ತುಂಬುತ್ತವೆ. ಆ ಮಾಸ್ಕ್ ಕೆಳಗಿನ 12 ಬಿಟ್ ಜೊತೆಗೆ ಮೇಲಿನ 32ನ್ನೂ ಅಳಿಸುತ್ತದೆ. 5 ಜಿಬಿಯ ವಿಳಾಸ 5368709120 ಇದರಿಂದ ಹೊರಬರುವಾಗ 1073741824, ಅಂದರೆ 1 ಜಿಬಿ ಆಗಿರುತ್ತದೆ. 4 ಜಿಬಿಗಿಂತ ಕಡಿಮೆ ಮೆಮೊರಿ ಇರುವ ಪರೀಕ್ಷಾ ಯಂತ್ರದಲ್ಲಿ ಈ ದೋಷ ಎಂದೂ ಕಾಣಿಸದು. ಗ್ರಾಹಕರ ದೊಡ್ಡ ಸರ್ವರ್‌ನಲ್ಲಿ, ಲೋಡ್ ಏರಿದಾಗ, ಬೇರೆ ಯಾರದೋ ಮೆಮೊರಿಯ ಮೇಲೆ ಬರೆಯುವ ರೂಪದಲ್ಲಿ ಕಾಣಿಸುತ್ತದೆ.

ಇದು ಪುಸ್ತಕದ ಲೆಕ್ಕ ಮಾತ್ರವಲ್ಲ. ಇಂಟೆಲ್ 1995ರ ಪೆಂಟಿಯಂ ಪ್ರೋದಲ್ಲಿ ಪಿಎಇ ತಂದಾಗ 32 ಬಿಟ್ ಪ್ರೊಸೆಸರ್‌ಗೆ 36 ಬಿಟ್ ಭೌತಿಕ ವಿಳಾಸ ಬಂತು, 64 ಜಿಬಿವರೆಗೆ. ವರ್ಚುವಲ್ ವಿಳಾಸ ಮಾತ್ರ 32 ಬಿಟ್ಟೇ ಉಳಿಯಿತು. ಲಿನಕ್ಸ್‌ನ ಪೇಜ್_ಮಾಸ್ಕ್ ಬಹುಕಾಲ ಅನ್‌ಸೈನ್ಡ್ ಲಾಂಗ್ ಆಗಿತ್ತು, ಅಂದರೆ ಅಲ್ಲಿ 32 ಬಿಟ್. ಅದನ್ನು 64 ಬಿಟ್‌ನ ಭೌತಿಕ ವಿಳಾಸಕ್ಕೆ ಹಾಗೇ ಬಳಸಿದರೆ ಮೇಲೆ ಹೇಳಿದ್ದೇ ಆಗುತ್ತಿತ್ತು. ಅದಕ್ಕಾಗಿ ಎಕ್ಸ್86 ಕೋಡ್‌ನಲ್ಲಿ ಫಿಸಿಕಲ್_ಪೇಜ್_ಮಾಸ್ಕ್ ಎಂಬ ಬೇರೆಯೇ ಮ್ಯಾಕ್ರೋ ಇದೆ. ಪೇಜ್_ಮಾಸ್ಕನ್ನು ಅದು ಬೇಕೆಂದೇ ಸೈನ್ಡ್ ಲಾಂಗ್‌ಗೆ ಕಾಸ್ಟ್ ಮಾಡುತ್ತದೆ, ಹಿಗ್ಗುವಾಗ ಮೇಲೆ 1ಗಳು ತುಂಬಲಿ ಎಂದು. ಕಾರಣವನ್ನು ಪಕ್ಕದ ಕಾಮೆಂಟ್‌ನಲ್ಲೇ ವಿವರಿಸಿದ್ದಾರೆ. ಅಂಥ ಕಾಮೆಂಟ್ ಇಲ್ಲದಿದ್ದರೆ ಮುಂದೆ ಯಾರಾದರೂ ಆ ಕಾಸ್ಟ್ "ಅನಗತ್ಯ" ಎಂದು ತೆಗೆದುಹಾಕುತ್ತಿದ್ದರು.

ಸೈನ್ಡ್ ಇಂಟ್‌ನ ಮಾಸ್ಕ್ ಕೆಲಸ ಮಾಡುತ್ತದೆಂದು ಅದನ್ನೇ ನಂಬಿಕೊಂಡು ಕೂರುವುದೂ ಬೇಡ. ~ ಹಾಕುವ ಮೊದಲೇ ಸಂಖ್ಯೆಗೆ ಪೂರ್ತಿ ಅಗಲ ಕೊಡಿ: ~ಯುಇಂಟ್64_ಸಿ(4095). ಮ್ಯಾಕ್ರೋ ಆಗಿ ಬಂದ ಸೈಜ್ ಇದ್ದರೆ ~((ಯುಇಂಟ್64_ಟಿ)ಸೈಜ್ - 1). ~ ಚಿಹ್ನೆ ಮತ್ತು ಶಿಫ್ಟ್, ಇವೆರಡರ ಪಕ್ಕದಲ್ಲಿ ಸಣ್ಣ ಸಂಖ್ಯೆ ಕಂಡರೆ ಅಲ್ಲೇ ನಿಂತು ನೋಡಿ.

ಎಲ್ಲ ಬಿಟ್‌ಗಳೂ 1 ಬೇಕು. ~0 ಸಾಕೇ?

~0 ಇಂಟ್, ಬೆಲೆ -1. ಯಾವ ಅನ್‌ಸೈನ್ಡ್ ಟೈಪ್‌ಗೆ ಹಾಕಿದರೂ ಪೂರ್ತಿ ತುಂಬುತ್ತದೆ. ~0ಯು ಹಾಕಿದರೆ 32 ಬಿಟ್ ಮಾತ್ರ. ಇವೆಲ್ಲಕ್ಕಿಂತ ಯುಇಂಟ್64_ಮ್ಯಾಕ್ಸ್ ಎಂದು ಬರೆಯುವುದು ಮೇಲು. ಲಾಂಗ್ ವೇರಿಯಬಲ್‌ನಲ್ಲಿ -1 ಇದೆಯೇ ಎಂದು ನೋಡಲು ಎಂಟು ಎಫ್‌ಗಳ ಹೆಕ್ಸ್ ಸಂಖ್ಯೆಯ ಜೊತೆ ಹೋಲಿಸುವ ಹಳೆಯ ಕೋಡ್ ಇನ್ನೂ ಉಳಿದಿದೆ. 32 ಬಿಟ್‌ನಲ್ಲಿ ಅದು ನಿಜ, 64 ಬಿಟ್ ಲಿನಕ್ಸ್‌ನಲ್ಲಿ ಸುಳ್ಳು. -1 ಬೇಕಿದ್ದರೆ -1 ಎಂದೇ ಬರೆಯಿರಿ.

1 << 31 ಎಲ್ಲ ಕಡೆ ಓಡುತ್ತಿದೆಯಲ್ಲ, ಬದಲಿಸಬೇಕೇ?

ಬದಲಿಸಿ. 32 ಬಿಟ್ ಸೈನ್ಡ್ ಇಂಟ್‌ನಲ್ಲಿ 31ನೇ ಬಿಟ್ ಚಿಹ್ನೆಯದ್ದು, ಅಲ್ಲಿಗೆ ಶಿಫ್ಟ್ ಮಾಡುವುದು ಸಿ ಭಾಷೆಯಲ್ಲಿ ಅನ್‌ಡಿಫೈನ್ಡ್. ಕಂಪೈಲರ್‌ಗಳು ಸಾಮಾನ್ಯವಾಗಿ ಋಣಸಂಖ್ಯೆ ಕೊಡುತ್ತವೆ, ತೊಂದರೆ ಶುರುವಾಗುವುದು ಅದು ಹಿಗ್ಗುವಾಗ.

ಕ್ಯೂಎಮು ಎಮ್ಯುಲೇಟರ್‌ನ ರಿಸ್ಕ್-ವಿ ವರ್ಟ್ ಯಂತ್ರದಲ್ಲಿ ರ್‍ಯಾಮ್ ಶುರುವಾಗುವುದು 0ಎಕ್ಸ್80000000 ವಿಳಾಸದಿಂದ. ಬೂಟ್ ಕೋಡ್ ಬರೆಯುವವರು ಇದನ್ನು 1 << 31 ಎಂದು ಬರೆದು ಪಾಯಿಂಟರ್ ಮಾಡಿದರೆ, 64 ಬಿಟ್‌ನಲ್ಲಿ ಮೇಲಿನ 32 ಬಿಟ್‌ಗಳೂ 1 ಆಗಿ ರ್‍ಯಾಮ್ ಇಲ್ಲದ ಕಡೆಗೆ ಹೋಗುತ್ತದೆ. ಹೆಕ್ಸ್‌ನಲ್ಲಿ ಬರೆದರೆ ಅದು ಅನ್‌ಸೈನ್ಡ್ ಇಂಟ್, ಹಾಗಾಗಿ ಸರಿಯಾಗುತ್ತದೆ. ಅಸೆಂಬ್ಲಿಯಲ್ಲೂ ಇದೇ ಕಥೆ: 64 ಬಿಟ್ ರಿಸ್ಕ್-ವಿಯ ಲುಯಿ ಆದೇಶ ತನ್ನ 32 ಬಿಟ್ ಫಲಿತಾಂಶವನ್ನು ಚಿಹ್ನೆ ಸಮೇತ ಹಿಗ್ಗಿಸುತ್ತದೆ. ಅದೊಂದರಿಂದಲೇ 0ಎಕ್ಸ್80000000 ತುಂಬಲು ಆಗದು. 1 ತುಂಬಿ 31 ಸ್ಥಾನ ಎಡಕ್ಕೆ ಸರಿಸಬೇಕು. ಲೈ ಎಂದು ಬರೆದರೆ ಅಸೆಂಬ್ಲರ್ ತಾನೇ ಸರಿಯಾದ ಜೋಡಿ ಆರಿಸುತ್ತದೆ.

ಯುಇಂಟ್8_ಸಿ(255) ಎಂದರೆ 8 ಬಿಟ್ ಸಂಖ್ಯೆ ತಾನೇ?

ಹೆಸರು ಹಾಗೆ ಹೇಳಿದರೂ ಅದು ಇಂಟ್. ಇಂಟ್‌ಗಿಂತ ಸಣ್ಣ ಟೈಪ್‌ಗಳೆಲ್ಲ ಲೆಕ್ಕಕ್ಕೆ ಇಳಿದ ಕೂಡಲೇ ಇಂಟ್ ಆಗಿ ಬಡ್ತಿ ಪಡೆಯುತ್ತವೆ, ಮ್ಯಾಕ್ರೋ ಆ ನಿಯಮವನ್ನೇ ಅನುಸರಿಸುತ್ತದೆ. ~ಯುಇಂಟ್8_ಸಿ(0) ಎಂಬುದು 255 ಅಲ್ಲ, -1. 8 ಬಿಟ್ ಅನ್‌ಸೈನ್ಡ್ ವೇರಿಯಬಲ್ ಜೊತೆ ಹೋಲಿಸಿದರೆ ಎಂದೂ ಸಮ ಆಗದು.

ಇದೇ ಬಡ್ತಿಯಿಂದ ಎರಡು ಹೆಸರಾಂತ ದೋಷಗಳು ಹುಟ್ಟುತ್ತವೆ. ಎರಡು ಯುಇಂಟ್16_ಟಿ ವೇರಿಯಬಲ್‌ಗಳಲ್ಲಿ 65535 ಇಟ್ಟು ಗುಣಿಸಿ: ಅನ್‌ಸೈನ್ಡ್ ಆದ್ದರಿಂದ ಸುರಕ್ಷಿತ ಅನ್ನಿಸುತ್ತದೆ, ಆದರೆ ಎರಡೂ ಸೈನ್ಡ್ ಇಂಟ್ ಆಗಿ 4294836225 ಹಿಡಿಸದೆ ಅನ್‌ಡಿಫೈನ್ಡ್ ಆಗುತ್ತದೆ. ಇನ್ನೊಂದು, ನೆಟ್‌ವರ್ಕ್ ಬಫರ್‌ನಿಂದ ನಾಲ್ಕು ಬೈಟ್ ಓದಿ ಸಂಖ್ಯೆ ಕಟ್ಟುವಾಗ ಮೇಲಿನ ಬೈಟನ್ನು 24 ಸ್ಥಾನ ಎಡಕ್ಕೆ ಸರಿಸುವುದು. ಬೈಟ್ 128 ಅಥವಾ ಹೆಚ್ಚಿದ್ದರೆ ಚಿಹ್ನೆಯ ಬಿಟ್ ತುಂಬಿ, 64 ಬಿಟ್‌ಗೆ ಹಾಕಿದಾಗ ಮೇಲೆಲ್ಲ 1ಗಳು. ಸರಿಸುವ ಮುನ್ನ ಪ್ರತಿ ಬೈಟನ್ನೂ ಯುಇಂಟ್32_ಟಿಗೆ ಕಾಸ್ಟ್ ಮಾಡಿ.

-2147483648 ಎಂದು ನೇರವಾಗಿ ಬರೆಯಬಾರದಂತೆ, ಯಾಕೆ?

ಸಿಯಲ್ಲಿ ಋಣಸಂಖ್ಯೆಯನ್ನು ನೇರವಾಗಿ ಬರೆಯುವ ವ್ಯವಸ್ಥೆಯೇ ಇಲ್ಲ. ಅಲ್ಲಿರುವುದು 2147483648 ಎಂಬ ಧನಸಂಖ್ಯೆ, ಅದರ ಮುಂದೆ ಒಂದು ಮೈನಸ್ ಆಪರೇಟರ್. ಆ ಧನಸಂಖ್ಯೆ 32 ಬಿಟ್ ಇಂಟ್‌ನಲ್ಲಿ ಹಿಡಿಸದು. ಲಾಂಗ್ 32 ಬಿಟ್ ಇರುವ ಯಂತ್ರದಲ್ಲಿ 1989ರ ನಿಯಮದಂತೆ ಅದು ಅನ್‌ಸೈನ್ಡ್ ಲಾಂಗ್; ಮೈನಸ್ ಹಾಕಿದರೂ ಧನವೇ, ಸೊನ್ನೆಗಿಂತ ದೊಡ್ಡದು. ಹೊಸ ನಿಯಮದಂತೆ ಅದು ಲಾಂಗ್ ಲಾಂಗ್. ಬೆಲೆ ಸರಿ, ಟೈಪ್ ಇಂಟ್ ಅಲ್ಲ. ಅದಕ್ಕೇ ಹೆಡರ್ ಫೈಲ್‌ಗಳಲ್ಲಿ ಇಂಟ್_ಮಿನ್ ಅನ್ನು (-2147483647 - 1) ಎಂದು ಬರೆದಿರುತ್ತಾರೆ. ಇಂಟ್64_ಮಿನ್ ಸಹ ಹೀಗೇ. ನೀವು ಆ ಹೆಸರುಗಳನ್ನೇ ಬಳಸಿ.

ಕಾಲಂ ಸಾಲಾಗಿ ಕಾಣಲಿ ಎಂದು ಸಂಖ್ಯೆಗಳ ಮುಂದೆ 0 ಹಾಕಬಹುದೇ?

ಹಾಕಲೇಬೇಡಿ. ಮುಂದೆ 0 ಬಂದರೆ ಆಕ್ಟಲ್. ಎಸ್‌ಟಿಡಿ ಕೋಡ್‌ಗಳ ಒಂದು ಟೇಬಲ್ ಬರೆಯುತ್ತೀರಿ ಅನ್ನಿ. ಬೆಂಗಳೂರಿನ 080, ಮೈಸೂರಿನ 0821 ಹಾಕಿದರೆ ಆಕ್ಟಲ್‌ನಲ್ಲಿ 8 ಇಲ್ಲದ ಕಾರಣ ಕಂಪೈಲರ್ ತಡೆಯುತ್ತದೆ. ಮುಂಬೈನ 022 ಮಾತ್ರ ಸದ್ದಿಲ್ಲದೆ 18 ಆಗುತ್ತದೆ, ದೆಹಲಿಯ 011 ಎಂಬುದು 9, ಚೆನ್ನೈನ 044 ಎಂಬುದು 36. ಅಂದಕ್ಕೆ ಖಾಲಿ ಜಾಗ ಬಿಟ್ಟರೆ ಸಾಕು.

ಒಂದೇ ಹೆಡರ್ ಅನ್ನು ಸಿ ಮತ್ತು ಅಸೆಂಬ್ಲಿ ಎರಡರಲ್ಲೂ ಸೇರಿಸಬೇಕು. ಯುಎಲ್ ಕಂಡರೆ ಅಸೆಂಬ್ಲರ್ ದೋಷ ಹೇಳುತ್ತದೆ.

ಸಫಿಕ್ಸ್ ಸಿ ಭಾಷೆಯದ್ದು, ಹಲವು ಅಸೆಂಬ್ಲರ್‌ಗಳಿಗೆ ಅದರ ಪರಿಚಯವಿಲ್ಲ. ಲಿನಕ್ಸ್ ಕರ್ನಲ್‌ನ ಉಪಾಯವನ್ನೇ ಅನುಸರಿಸಿ: _ಎಸಿ ಎಂಬ ಮ್ಯಾಕ್ರೋಗೆ ಸಂಖ್ಯೆ ಮತ್ತು ಸಫಿಕ್ಸ್ ಎರಡನ್ನೂ ಬೇರೆ ಬೇರೆ ಕೊಡುತ್ತಾರೆ. ಸಿಯಲ್ಲಿ ಅದು ಎರಡನ್ನೂ ಅಂಟಿಸುತ್ತದೆ, ಅಸೆಂಬ್ಲಿಯಲ್ಲಿ ಸಫಿಕ್ಸ್ ಬಿಟ್ಟು ಸಂಖ್ಯೆಯನ್ನಷ್ಟೇ ಉಳಿಸುತ್ತದೆ. ಮೂರು ನಾಲ್ಕು ಸಾಲಿನ ಕೆಲಸ. ಎರಡು ಕಡೆ ಬೇರೆ ಬೇರೆ ಪಟ್ಟಿ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ಖಂಡಿತ.

ಪ್ರಿಂಟ್‌ಎಫ್‌ನಲ್ಲಿ %ಎಲ್‌ಯು ಹಾಕಲೋ %ಎಲ್‌ಎಲ್‌ಯು ಹಾಕಲೋ?

ಯುಇಂಟ್64_ಟಿಗೆ ಎರಡೂ ಪೋರ್ಟಬಲ್ ಅಲ್ಲ. ಇಂಟ್‌ಟೈಪ್ಸ್ ಹೆಡರ್‌ನಲ್ಲಿ ಪಿಆರ್‌ಐಯು64 ಎಂಬ ಮ್ಯಾಕ್ರೋ ಇದೆ, ನೋಡಲು ಚೆಂದವಿಲ್ಲ, ಆದರೂ ಸರಿ. ಚೆಂದ ಬೇಕೆನಿಸಿದರೆ ಅನ್‌ಸೈನ್ಡ್ ಲಾಂಗ್ ಲಾಂಗ್‌ಗೆ ಕಾಸ್ಟ್ ಮಾಡಿ %ಎಲ್‌ಎಲ್‌ಯು ಹಾಕಿ.

ಈನಮ್‌ನಲ್ಲಿ 64 ಬಿಟ್ ಫ್ಲ್ಯಾಗ್ ಇಡಬಹುದೇ?

2023ರ ಸ್ಟ್ಯಾಂಡರ್ಡ್‌ವರೆಗೆ ಸಿಯ ಈನಮ್ ಹೆಸರುಗಳು ಇಂಟ್‌ನೊಳಗೇ ಇರಬೇಕಿತ್ತು. ಜಿಸಿಸಿ ದೊಡ್ಡದನ್ನು ಒಪ್ಪುತ್ತಿತ್ತು, ಅದು ಅದರದೇ ವಿಸ್ತರಣೆ. ಈಗ ಸಿ23ರಲ್ಲಿ ಸಿ++11ರ ಹಾಗೆ ಈನಮ್‌ಗೆ ಟೈಪ್ ನಿಗದಿ ಮಾಡಬಹುದು. ಹಳೆಯ ಕಂಪೈಲರ್‌ಗಳನ್ನೂ ನೋಡಿಕೊಳ್ಳಬೇಕಾದವರಿಗೆ #ಡಿಫೈನ್ ಮತ್ತು ಯುಇಂಟ್64_ಸಿ ಇಂದಿಗೂ ಗಟ್ಟಿ ದಾರಿ.

ಹಳೆಯ ಸಿ++ ಮತ್ತು ವಿಂಡೋಸ್ ಕೋಡ್‌ನಲ್ಲಿ ಯುಇಂಟ್64_ಸಿ ಸಿಗುತ್ತಿಲ್ಲ.

ಇದನ್ನು ಕೊಡುವ ಎಸ್‌ಟಿಡಿಇಂಟ್ ಹೆಡರ್ 1999ರ ಸಿಯಲ್ಲಿ ಬಂತು, ಸಿ++ಗೆ ಅಧಿಕೃತವಾಗಿ ಸೇರಿದ್ದು 2011ರಲ್ಲಿ. ನಡುವಿನ ಕಾಲದ ಸಿಸ್ಟಂಗಳಲ್ಲಿ ಸಿ++ನಿಂದ ಈ ಮ್ಯಾಕ್ರೋಗಳು ಬೇಕಿದ್ದರೆ ಹೆಡರ್ ಸೇರಿಸುವ ಮೊದಲು __ಎಸ್‌ಟಿಡಿಸಿ_ಕಾನ್‌ಸ್ಟಂಟ್_ಮ್ಯಾಕ್ರೋಸ್ ಎಂಬ ಹೆಸರನ್ನು ಡಿಫೈನ್ ಮಾಡಬೇಕಿತ್ತು. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಹೆಡರ್ ಬಂದದ್ದು ವಿಷುವಲ್ ಸ್ಟುಡಿಯೋ 2010ರಲ್ಲಿ. ಅದಕ್ಕೂ ಹಿಂದಿನ ಕೋಡ್‌ನಲ್ಲಿ ಯುಐ64 ಎಂಬ ಅದರದೇ ಸಫಿಕ್ಸ್ ಕಾಣುತ್ತದೆ. ಕಂಡಲ್ಲಿ ಬದಲಿಸಿ.

ರಸ್ಟ್, ಗೋ ಬಳಸಿದರೆ ಈ ಕಾಟ ಇಲ್ಲವೇ?

ಬಹುಪಾಲು ಇಲ್ಲ. ಗೋದಲ್ಲಿ ಟೈಪ್ ಕೊಡದ ಸಂಖ್ಯೆಗೆ ಅಗಲದ ಮಿತಿ ತಟ್ಟುವುದು ಅದನ್ನು ಬಳಸುವ ಜಾಗದಲ್ಲಿ. 64 ಬಿಟ್ ವೇರಿಯಬಲ್‌ಗೆ 1 << 40 ಹಾಕಿದರೆ ಸರಿಯಾದ ಉತ್ತರ ಬರುತ್ತದೆ, ಹಿಡಿಸದಿದ್ದರೆ ಕಂಪೈಲ್ ಆಗದು. ರಸ್ಟ್‌ನಲ್ಲಿ ಟೈಪ್ ಸಂದರ್ಭದಿಂದ ಬರುತ್ತದೆ, ಬೇಕಿದ್ದರೆ 1ಯು64 ಎಂದು ಅಗಲವನ್ನೇ ಸಫಿಕ್ಸ್ ಆಗಿ ಬರೆಯಬಹುದು. ಸಿಯಲ್ಲೂ ಸಫಿಕ್ಸ್ ಅಗಲವನ್ನೇ ಹೇಳುವಂತಿದ್ದರೆ ಈ ಪುಟದ ಅರ್ಧ ಪ್ರಶ್ನೆಗಳು ಇರುತ್ತಿರಲಿಲ್ಲ.

ನಮ್ಮ ಹಳೆಯ ಕೋಡ್ ಲಕ್ಷಗಟ್ಟಲೆ ಸಾಲಿದೆ. ಎಲ್ಲಿಂದ ಶುರು ಮಾಡಲಿ?

ಮೊದಲು ಎಚ್ಚರಿಕೆಗಳನ್ನು ಆನ್ ಮಾಡಿ. ಜಿಸಿಸಿ ಮತ್ತು ಕ್ಲ್ಯಾಂಗ್‌ನಲ್ಲಿ ಶಿಫ್ಟ್ ಎಣಿಕೆ ಮೀರಿದರೆ, ಸ್ಥಿರ ಸಂಖ್ಯೆಗಳ ಲೆಕ್ಕ ಉಕ್ಕಿದರೆ ಮಾಮೂಲಾಗಿಯೇ ಎಚ್ಚರಿಕೆ ಬರುತ್ತದೆ. ಯಾರೋ ಅದನ್ನು ಆಫ್ ಮಾಡಿದ್ದಾರೆಯೇ ಎಂದು ಬಿಲ್ಡ್ ಫೈಲ್ ನೋಡಿ. ಟೆಸ್ಟ್‌ಗಳನ್ನು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಹಾಕಿ ಒಮ್ಮೆ ಓಡಿಸಿ. ಓಡುವಾಗ ನಡೆಯುವ ತಪ್ಪು ಶಿಫ್ಟ್ ಮತ್ತು ಸೈನ್ಡ್ ಓವರ್‌ಫ್ಲೋಗಳನ್ನು ಅದು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.

~4095ಯು ರೀತಿಯ ಮಾಸ್ಕ್ ದೋಷ ಮಾತ್ರ ಈ ಬಲೆಗೆ ಬೀಳದು. ಅನ್‌ಸೈನ್ಡ್ ಹಿಗ್ಗುವುದು ಭಾಷೆಯ ಪ್ರಕಾರ ಸಂಪೂರ್ಣ ಕ್ರಮಬದ್ಧ, ಅಲ್ಲಿ ಸ್ಯಾನಿಟೈಸರ್‌ಗೆ ಹೇಳಲು ಏನೂ ಇಲ್ಲ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಸಿ4319 ಎಂಬ ಎಚ್ಚರಿಕೆ ಇದಕ್ಕೆಂದೇ ಇದೆ. ಕೋಡ್ ಅದರಲ್ಲೂ ಕಂಪೈಲ್ ಆಗುವುದಾದರೆ ಒಮ್ಮೆ ಹಾಕಿ ನೋಡಿ. ಇಲ್ಲದಿದ್ದರೆ ಕೈಯಿಂದಲೇ ಹುಡುಕಬೇಕು. ~ ಇರುವ ಪ್ರತಿ ಸಾಲನ್ನೂ ಗ್ರೆಪ್ ಮಾಡಿ ತೆಗೆಯಿರಿ. ಅದರ ಪಕ್ಕದ ಸಂಖ್ಯೆಯ ಅಗಲ ಎಷ್ಟು, ಎದುರಿನ ವೇರಿಯಬಲ್‌ನ ಅಗಲ ಎಷ್ಟು ಎಂದು ಎರಡೇ ಪ್ರಶ್ನೆ ಕೇಳಿ. ಮೆಮೊರಿ ವಿಳಾಸ, ಡಿಎಂಎ, ಫೈಲ್ ಆಫ್‌ಸೆಟ್ ಮುಟ್ಟುವ ಫೈಲ್‌ಗಳನ್ನು ಮೊದಲು ಮುಗಿಸಿ. ಪ್ರತಿ ತಿದ್ದುಪಡಿಯ ಜೊತೆ 4 ಜಿಬಿಗಿಂತ ಮೇಲಿನ ಒಂದು ಬೆಲೆ ಇಟ್ಟು ಪರೀಕ್ಷಿಸುವ ಟೆಸ್ಟ್ ಸೇರಿಸಿ, 5368709120 ಚೆನ್ನಾಗಿ ಒದಗುತ್ತದೆ. ಅದೇ ಟೆಸ್ಟ್‌ಗಳನ್ನು 32 ಬಿಟ್ ಬಿಲ್ಡ್‌ನಲ್ಲೂ ಓಡಿಸಿ.